ಹೆಸರಿಲ್ಲದ ಅಕ್ಕ

ಹೈದರಾಬಾದಿನ ಅಬಿಡ್ಸ್‌ನ ದೊಡ್ಡ ಪೋಸ್ಟಾಫೀಸಿನ ಆಸುಪಾಸಿನ ಗಲ್ಲಿಯೊಂದರ ಆಫೀಸಿನಲ್ಲಿ ಆರು ಸರ್ವರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಐದು ಹಸುವಿನಂಥವು. ಆರನೆಯದು ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರಂಥದ್ದು.

ಒಂದು ಮಧ್ಯಾಹ್ನ ಲೆಕ್ಕದ ಅಕ್ಕ ಕೂಗಿದರು. ರಾಯಚೂರಿನವರು, ಊರು ಬಿಟ್ಟು ಇಪ್ಪತ್ತು ವರ್ಷವಾದರೂ ಸಿಟ್ಟು ಮಾತ್ರ ಕನ್ನಡದಲ್ಲೇ ಬರುತ್ತಿತ್ತು. “ತಮ್ಮಾ, ನಿನ್ನ ಮಷೀನು ನನಗ ಹೆಸರ ಇಲ್ಲ ಅಂತದ ನೋಡು!”

ನಿಜ. ಆ ಆರನೆಯದರಲ್ಲಿ ಆಗಷ್ಟೇ ತೆರೆದ ಬ್ಯಾಶ್ ಶೆಲ್‌ನಲ್ಲಿ ಅಕ್ಕನ ಹೆಸರಿರಬೇಕಾದ ಜಾಗದಲ್ಲಿ ‘ಐ ಹ್ಯಾವ್ ನೋ ನೇಮ್!’ ಎಂದಿತ್ತು, ಉದ್ಗಾರ ಚಿಹ್ನೆ ಸಮೇತ. ನಂಬರಿಗೆ ಹೆಸರು ಸಿಗದಿದ್ದರೆ ಬ್ಯಾಶ್ ಗೋಳಾಡುವುದೇ ಹಾಗೆ. ಲಿನಕ್ಸ್‌ಗೆ ನಾವೆಲ್ಲ ಬರೀ ನಂಬರು. ಹೆಸರು ನಮ್ಮ ಸಮಾಧಾನಕ್ಕೆ. ಅಕ್ಕನ ಫೈಲುಗಳ ಮುಂದೆಲ್ಲ 1042 ಎಂದು ಬರುತ್ತಿತ್ತು.

“ಜೈಲಿನ್ಯಾಗ ಹಾಕಿದಂಗ ಆತಲ್ಲೋ. ನಿನ್ನ ನಂಬರ್ ಎಷ್ಟು?”

“1000, ಅಕ್ಕಾ. ಮೊದಲನೆಯವನು,” ಎಂದೆ ಹೆಮ್ಮೆಯಿಂದ.

ಉಳಿದ ಐದು ಸರ್ವರುಗಳಲ್ಲಿ ಹೆಸರು ಹುಡುಕುವ ‘ಗೆಟೆಂಟ್’ ಆಜ್ಞೆ ಕೊಟ್ಟರೆ ಅಕ್ಕ ಪಟ್ಟನೆ ಸಿಗುತ್ತಿದ್ದರು. ಕೇಬಲ್ ಕಿತ್ತು ಹಾಕಿದೆ, ಫೈರ್‌ವಾಲನ್ನು ಬೈದೆ, ಮೂರು ಚಹಾಕ್ಕೆ ಒಂದು ಪೊಟ್ಟಣ ಉಸ್ಮಾನಿಯಾ ಬಿಸ್ಕತ್ತು ಖಾಲಿ ಮಾಡಿದೆ. ಕೊನೆಗೆ ತೆರೆದದ್ದು ‘ಎನ್‌ಎಸ್‌ಸ್ವಿಚ್’ ಫೈಲು. ಯಾರದಾದರೂ ಹೆಸರು ಬೇಕಾದರೆ ಮೊದಲು ಮನೆಯ ಪೆಟ್ಟಿಗೆಯಲ್ಲಿ ನೋಡು, ಇಲ್ಲದಿದ್ದರೆ ಊರ ದಫ್ತರು ಕೇಳು ಎನ್ನುವ ಚೀಟಿ ಅದು. ಊರ ದಫ್ತರೆಂದರೆ ಎಲ್‌ಡ್ಯಾಪ್. ಆ ಪದದಲ್ಲಿ ‘ಡಿ’ ಮತ್ತು ‘ಎ’ ಅದಲುಬದಲಾಗಿದ್ದವು. ಅಂದು ಬೆಳಿಗ್ಗೆ ಆ ಸಾಲು ತಿದ್ದಿದವನು ಶ್ರೀಮಾನ್ 1000.

ಸರಿಪಡಿಸಿದೆ. ಆದರೂ ಅಕ್ಕ ಇಲ್ಲ! ನೆನಪಿನ ಗುಮಾಸ್ತ ಎನ್‌ಎಸ್‌ಸಿಡಿ ಕೆಲಸಕ್ಕೆ ಕೂತಾಗ ಓದಿದ ತಪ್ಪು ಚೀಟಿಯನ್ನೇ ಜಪಿಸುತ್ತಿದ್ದ. ಅವನನ್ನು ಎಬ್ಬಿಸಿ ಮತ್ತೆ ಕೂರಿಸಿದ ಮೇಲೆ ಅಕ್ಕನಿಗೆ ಮರುನಾಮಕರಣವಾಯಿತು.

“ಸರ್ವರ್ ಹಳೇದು, ಅಕ್ಕಾ,” ಎಂದೆ. ಅವರು ಬರೀ ನಕ್ಕರು.

ಸಂಜೆ ಬಸ್ಸಿಗೆ ನಡೆಯುತ್ತ ಯೋಚಿಸಿದೆ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಬಳಿ ಚಾಕರಿಗಿದ್ದ ಆಲ್ಬರ್ಟ್ ಅಬಿಡ್ ಎಂಬ ಅರ್ಮೇನಿಯನ್ ಇಲ್ಲೊಂದು ಅಂಗಡಿ ಇಟ್ಟಿದ್ದ. ಈಗ ಆಳೂ ಇಲ್ಲ, ಅಂಗಡಿಯೂ ಇಲ್ಲ. ಆದರೂ ‘ಅಬಿಡ್ಸ್’ ಎಂದರೆ ಯಾವ ಆಟೋದವನೂ ‘ಅಂಥವರು ಯಾರೂ ಇಲ್ಲ’ ಎನ್ನುವುದಿಲ್ಲ. ನನ್ನ ಸರ್ವರೋ, ಎದುರಿಗೇ ಕೂತ ಅಕ್ಕನನ್ನು ಇಲ್ಲವೆಂದಿತು.

ಮರುದಿನ ಲೆಕ್ಕದ ವಿಭಾಗದಿಂದ ಕೂಗು ಬಂತು: “ಏ ಸಾವಿರ, ಚಾ ಕುಡಿಯಾಕ ಬಾ!”