ಹಗಲುಹಲ್ಲಿಯ ಶಾನುಭೋಗರು

ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗ ತೆರೆದು, ಎಡಭುಜಕ್ಕೆ ಏನು ಫಲ, ಬಲಭುಜಕ್ಕೆ ಏನು ಫಲ ಎಂದು ನೋಡಿ ತಲೆಗೆ ಸ್ನಾನ ಮಾಡುವವರು ನಾವು. ಜರ್ಮನಿಯಲ್ಲೊಂದು ಬಗೆಯ ಗೃಹಸ್ಥರಿದ್ದಾರೆ. ಅವರು ಹಲ್ಲಿಯ ಮನೆಗೇ ಎರಡು ಹೊತ್ತು ನೀರು ಸಿಂಪಡಿಸಿ, ಅದನ್ನು ಪುಸ್ತಕದಲ್ಲಿ ಬರೆದಿಡುತ್ತಾರೆ. ಅವರ ಮನೆದೇವರು ಮಡಗಾಸ್ಕರ್ ದ್ವೀಪದ ವಾಯವ್ಯ ಭಾಗದ ಬಿದಿರುಮೆಳೆಗಳಲ್ಲಿ ವಾಸಿಸುವ ಪುಟ್ಟ ಹಗಲುಹಲ್ಲಿ, ಫೆಲ್ಸುಮಾ ಕ್ಲೆಮ್ಮೆರಿ. ಬಾಲ ಸೇರಿ ಹತ್ತು ಸೆಂಟಿಮೀಟರ್ ಆಸುಪಾಸು. ಹಳದಿ ತಲೆ, ನೀಲಿಹಸಿರು ಬೆನ್ನು, ಪಕ್ಕೆಯಲ್ಲಿ ಕಪ್ಪು ಪಟ್ಟೆ, ಬಿದಿರಿನ ಸೀಳಿನೊಳಗೆ ನುಸುಳಲು ತಕ್ಕ ಚಪ್ಪಟೆ ಮೈ. 1991ರಲ್ಲಿ ಇದಕ್ಕೆ ನಾಮಕರಣವಾದಾಗ ಫ್ರಾಂಕ್‌ಫರ್ಟಿನ ಸರೀಸೃಪ ತಜ್ಞ ಕೊನ್ರಾಡ್ ಕ್ಲೆಮ್ಮರ್ ಅವರ ಹೆಸರನ್ನೇ ಇಟ್ಟರು. ಹಾಗಾಗಿ ಹಲ್ಲಿ ತಮ್ಮೂರ ಕಡೆಯದೇ ಎಂಬ ಸಲಿಗೆ ಈ ಗೃಹಸ್ಥರಿಗೆ.

ಇವರನ್ನು ಗುರುತಿಸುವುದು ಸುಲಭ. ಜನವರಿಯ ಹಿಮದಲ್ಲಿ ತಾವು ಎರಡು ಸ್ವೆಟರ್ ತೊಟ್ಟು, ಬಿಲ್ಲಿಗೆ ಹೆದರಿ ಹೀಟರ್ ತಗ್ಗಿಸಿ ಕೂತಿರುತ್ತಾರೆ. ಎದುರಿನ ಗಾಜಿನ ಪೆಟ್ಟಿಗೆಯಲ್ಲಿ ಹಲ್ಲಿ ಮೂವತ್ತು ಡಿಗ್ರಿಯ ದೀಪದಡಿ ಆರಾಮಾಗಿ ಬಿಸಿಲು ಕಾಯಿಸುತ್ತಿರುತ್ತದೆ. ಹಳ್ಳಿಯ ಶಾನುಭೋಗರು ಖಿರ್ದಿ ಬರೆದಂತೆ ಇವರು ಬೆಳಗಿನ ತೇವಾಂಶ, ಮಧ್ಯಾಹ್ನದ ಶಾಖ, ತಿಂದ ನೊಣ, ತಿನ್ನದೆ ಬಿಟ್ಟ ನೊಣ ಎಲ್ಲವನ್ನೂ ದಾಖಲಿಸುತ್ತಾರೆ. ಅಡುಗೆಮನೆಯ ಕಪಾಟಿನಲ್ಲಿ ಹಾರಲಾರದ ಹಣ್ಣುನೊಣಗಳ ಬಾಟಲಿಗಳು. ಹಾರಲಾರವು ನಿಜ, ಆದರೆ ಜಾಮಿನ ಶೀಶೆಯವರೆಗೆ ನಡೆದು ಹೋಗಲು ರೆಕ್ಕೆ ಏಕೆ ಬೇಕು? ಮನೆಯಾಕೆಯ ಹುಟ್ಟುಹಬ್ಬ ಮರೆತರೂ ಇವರು ನೇರಳಾತೀತ ದೀಪದ ಹುಟ್ಟುಹಬ್ಬ ಮರೆಯರು. ಗಡುವು ಮುಗಿದದ್ದೇ, ಚೆನ್ನಾಗಿ ಉರಿಯುತ್ತಿರುವ ದೀಪವನ್ನೇ ಕಿತ್ತು ಬಿಸಾಡಿ ಹೊಸದನ್ನು ಹಾಕುತ್ತಾರೆ. ನೆಂಟರ ದೃಷ್ಟಿಯಲ್ಲಿ ಅವರಿಗೆ ತಲೆ ಕೆಟ್ಟಿದೆ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ನಗುವುದಕ್ಕೆ ಅಡ್ಡಿಯಿಲ್ಲ. ಆದರೆ ಲೆಕ್ಕ ತಪ್ಪಲ್ಲ. ದೀಪದ ಬೆಳಕು ಕಣ್ಣಿಗೆ ಕಾಣುವಷ್ಟು ಉಳಿದಿದ್ದರೂ ಅದರ ನೇರಳಾತೀತ ಕಿರಣ ಮೊದಲೇ ಕ್ಷೀಣಿಸಿರುತ್ತದೆ. ಆ ಕಿರಣವಿಲ್ಲದೆ ಹಲ್ಲಿಯ ಮೈಯಲ್ಲಿ ಡಿ3 ಜೀವಸತ್ವ ತಯಾರಾಗದು, ಡಿ3 ಇಲ್ಲದೆ ತಿಂದ ಸುಣ್ಣ ಮೈಗೆ ಹತ್ತದು, ಮೂಳೆ ಮೆತ್ತಗಾಗಿ ಸೊಟ್ಟಗಾಗುತ್ತದೆ. ಕಿಟಕಿಯ ಪಕ್ಕ ಇಟ್ಟರೆ ಸಾಲದೇ ಎಂದರೆ, ಸಾಲದು: ಬೇಕಾದ ಕಿರಣವನ್ನು ಕಿಟಕಿಯ ಗಾಜೇ ತಡೆಯುತ್ತದೆ. ಮೊಟ್ಟೆ ಇಡುವ ಹೆಣ್ಣಿನ ಕತ್ತಿನ ಎರಡು ಬದಿಯಲ್ಲಿ ಬಿಳಿಯ ಉಬ್ಬು ಕಾಣಿಸುತ್ತದೆ. ಅದು ರೋಗವಲ್ಲ, ಮೊಟ್ಟೆಯ ಚಿಪ್ಪಿಗಾಗಿ ಕೂಡಿಟ್ಟ ಸುಣ್ಣದ ಚೀಲ. ಶಾನುಭೋಗರು ದಿನಾ ಬೆಳಿಗ್ಗೆ ಮೊದಲು ನೋಡುವುದು ಅದನ್ನೇ. ಬಟ್ಟಲಲ್ಲಿ ನೀರಿಟ್ಟು ಕೈತೊಳೆದುಕೊಂಡರೆ ಹಲ್ಲಿ ಬಾಯಾರಿ ಸಾಯಬಹುದು, ಏಕೆಂದರೆ ಎಲೆಯ ಮೇಲಿನ ಹನಿ ನೆಕ್ಕಿ ಕುಡಿಯುವುದೇ ಅದರ ರೂಢಿ. ಈ ಕುಲದ ಹಲವು ಜಾತಿಗಳಲ್ಲಿ ಮರಿ ಹೆಣ್ಣೋ ಗಂಡೋ ಎಂಬುದನ್ನೂ ಮೊಟ್ಟೆಗೆ ತಾಗಿದ ಶಾಖವೇ ತೀರ್ಮಾನಿಸುತ್ತದೆ. ಇಂಥ ಪ್ರಾಣಿಯ ಮುಂದೆ ‘ಪ್ರೀತಿಯೊಂದಿದ್ದರೆ ಸಾಕು’ ಎನ್ನುವವನು ಹಂತಕ. ಥರ್ಮಾಮೀಟರ್ ಹಿಡಿದವನೇ ಬಂಧು.

ಮುಟ್ಟಲಾಗದ, ಎತ್ತಿಕೊಳ್ಳಲಾಗದ ಪ್ರಾಣಿಯನ್ನು ಸಾಕುವುದರಲ್ಲಿ ಏನು ಸುಖ ಎಂಬುದು ಇನ್ನೊಂದು ಆಕ್ಷೇಪ. ಹಗಲುಹಲ್ಲಿಯನ್ನು ಬಿಗಿಯಾಗಿ ಹಿಡಿದರೆ ಅದರ ಚರ್ಮ ಸುಲಿದು ಬೆರಳಿಗೇ ಅಂಟಿಕೊಂಡು ಬರುತ್ತದೆ. ಬಾಲವಂತೂ ಕಳಚಿ ಬೀಳುತ್ತದೆ. ಹಾಗಾಗಿ ಇವರು ಸಾಕಿದ ಪ್ರಾಣಿ ತಮ್ಮನ್ನು ಪ್ರೀತಿಸಲಿ ಎಂದು ಬಯಸುವುದೇ ಇಲ್ಲ. ಹಲ್ಲಿ ಬಾಟಲಿಯ ಮುಚ್ಚಳದಿಂದ ಪೀಚ್ ಹಣ್ಣಿನ ಗೊಜ್ಜು ನೆಕ್ಕಿ, ರೆಪ್ಪೆಯಿಲ್ಲದ ತನ್ನ ಕಣ್ಣನ್ನೂ ಅದೇ ನಾಲಿಗೆಯಿಂದ ಒರೆಸಿಕೊಂಡರೆ ಇವರಿಗೆ ಅವತ್ತಿನ ದಿನ ಸಾರ್ಥಕ. ನಾಯಿ ಬಾಲ ಅಲ್ಲಾಡಿಸಲಿಲ್ಲವೆಂದು ಮುನಿಸಿಕೊಳ್ಳುವವರು ಇವರಿಂದ ಕಲಿಯಬೇಕಾದದ್ದಿದೆ.

ಲೆಕ್ಕ ತಪ್ಪುವುದು ಇವರು ಬಾಯಿ ತೆರೆದಾಗ. ‘ನನ್ನ ಪೆಟ್ಟಿಗೆಯಲ್ಲಿ ಮರಿಯಾಗಿದೆ, ಒಂದು ಸಂತತಿ ಉಳಿಯಿತು’ ಎಂದು ಬೀಗುತ್ತಾರೆ. ಸಾಕಿದ ಜೋಡಿಯ ಮರಿ ಮಾರುಕಟ್ಟೆಗೆ ಬಂದರೆ ಕಾಡಿನಿಂದ ಹಿಡಿದ ಹಲ್ಲಿಗೆ ಗಿರಾಕಿ ಕಡಿಮೆಯಾಗಬಹುದು; ಅಷ್ಟರ ಮಟ್ಟಿಗೆ ಮಾತು ಸರಿ. ಆದರೆ ಈ ಹಲ್ಲಿ ಅಳಿವಿನಂಚಿನ ಪಟ್ಟಿಯಲ್ಲಿರುವುದಕ್ಕೆ ದೊಡ್ಡ ಕಾರಣ ಮಡಗಾಸ್ಕರ್‌ನಲ್ಲಿ ಕರಗುತ್ತಿರುವ ಕಾಡು. ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ ಮರಿ ಆ ಮೆಳೆಗೆ ಮರಳುವುದಿಲ್ಲ, ಅಲ್ಲಿನ ಕೆಲಸಕ್ಕೂ ಒದಗುವುದಿಲ್ಲ. ಕೆಲಸವೇನು ಕಡಿಮೆಯದಲ್ಲ: ಮಾರಿಷಸ್‌ನಲ್ಲಿ ಇದರ ದಾಯಾದಿಯಾದ ನೀಲಿಬಾಲದ ಹಗಲುಹಲ್ಲಿ ಮಕರಂದ ನೆಕ್ಕುತ್ತ ರೂಸಿಯಾ ಎಂಬ ಅಪರೂಪದ ಗಿಡದ ಪರಾಗವನ್ನು ಹೂವಿಂದ ಹೂವಿಗೆ ಸಾಗಿಸುತ್ತದೆ. ಗಾಜಿನ ಪೆಟ್ಟಿಗೆ ಒಂದು ಹಲ್ಲಿಯನ್ನು ಉಳಿಸಬಲ್ಲದು, ಅದರ ಸಂಸಾರದ ಹೊರೆಯನ್ನಲ್ಲ. ಶಾನುಭೋಗರ ಖಿರ್ದಿಗೆ ಪೂರ್ತಿ ಅಂಕ, ಬಡಾಯಿಗೆ ಸೊನ್ನೆ.

ನಮ್ಮ ಅಂಡಮಾನ್ ದ್ವೀಪಗಳಲ್ಲೂ ಇದೇ ಕುಲದ ಹಸಿರು ಹಲ್ಲಿಯೊಂದಿದೆ. ಅಲ್ಲೇ ಹೋಗಿ ನೋಡಿ, ಹಿಡಿದು ತರಬೇಡಿ. ವಿದೇಶಿ ಹಗಲುಹಲ್ಲಿಯ ಆಸೆ ಹತ್ತಿದವರಿಗೂ ಒಂದು ಮಾತು. ಈ ಇಡೀ ಕುಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅಂಥ ಜೀವಿಯನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಲೇಬೇಕು. ಮಾರುವವನು ಬಣ್ಣ ತೋರಿಸಿದರೆ ನೀವು ಕಾಗದಪತ್ರ ಕೇಳಿ. ಕಾಗದಪತ್ರ ಇಲ್ಲವೆಂದರೆ ಕೊಳ್ಳಬೇಡಿ.