ರಿಗ್ ಮೀಮಾಂಸೆ

ಈ ಗ್ರಂಥದ ಹೆಸರು ರಿಕಾರದಿಂದ ಶುರುವಾಗುತ್ತದೆ, ಋಕಾರದಿಂದಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಶೀರ್ಷಿಕೆಯನ್ನು ಕಿವಿಯಿಂದಷ್ಟೇ ಕೇಳಿದ ನಮ್ಮ ಬೀದಿಯ ಪುರೋಹಿತರು ಸಂತೋಷದಿಂದ ಶಾಲು ಹೊದಿಸುವುದರಲ್ಲಿದ್ದರು. ರಿಗ್ ಎಂದರೆ ಹವ್ಯಾಸಿ ರೇಡಿಯೋದವರು, ಅರ್ಥಾತ್ ಹ್ಯಾಮ್‌ಗಳು, ತಮ್ಮ ಟ್ರಾನ್ಸೀವರ್‌ಗೆ ಇಟ್ಟುಕೊಂಡ ಮುದ್ದು ಹೆಸರು. ಈ ಪೆಟ್ಟಿಗೆಯನ್ನೂ ಅದರ ಪರಿವಾರವಾದ ತಂತಿ, ಕೇಬಲ್ಲು, ಮೀಟರು, ಮೈಕುಗಳನ್ನೂ ಆರಿಸುವ ಮತ್ತು ಬಳಸುವ ವಿಧಾನವನ್ನು ಸೂತ್ರ, ಭಾಷ್ಯ, ಪೂರ್ವಪಕ್ಷ, ಸಿದ್ಧಾಂತಗಳ ಕ್ರಮದಲ್ಲಿ ನಿರೂಪಿಸುವುದು ಪ್ರಕೃತ ಉದ್ದೇಶ. ಸೂತ್ರಗಳು ಒಟ್ಟು 41. ಉಪಲಬ್ಧವಿರುವುದು ನಾಲ್ಕು. ಉಳಿದ ಓಲೆಗಳು ಗೆದ್ದಲಿನ ಪಾಲಾದವೆಂದು ಮನೆಯವಳಿಗೆ ಹೇಳಿದ್ದೇನೆ. ವಿದ್ವಾಂಸರ ಮುಂದೆ ಮುಚ್ಚುಮರೆ ಯಾಕೆ, ಅವು ಅಂಗಡಿಯ ಬಿಲ್ಲುಗಳು, ನಾನೇ ಹರಿದುಹಾಕಿದೆ.

ಶಾಸ್ತ್ರವೆಂದ ಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲು ಹೇಳಬೇಕು. ಅಧಿಕಾರಿ ಯಾರೆಂದರೆ, 12 ವರ್ಷ ತುಂಬಿ, ಕೇಂದ್ರ ಸಂಪರ್ಕ ಸಚಿವಾಲಯದ ಪರೀಕ್ಷೆಯಲ್ಲಿ ಪಾಸಾಗಿ, ಲೈಸೆನ್ಸೂ ಕಾಲ್ ಸೈನೂ ಪಡೆದ ವ್ಯಕ್ತಿ. ಮೋರ್ಸ್ ಕಲಿತು ಜನರಲ್ ಗ್ರೇಡ್ ಪಡೆದವರ ಹೆಸರು ವಿಯು2 ಎಂದು ಶುರುವಾಗುತ್ತದೆ. ಅದರ ಗೊಡವೆಗೆ ಹೋಗದೆ ರಿಸ್ಟ್ರಿಕ್ಟೆಡ್ ಗ್ರೇಡಿನಲ್ಲಿ ತೃಪ್ತರಾದವರದು ವಿಯು3. ಮೊದಲನೆಯವರು ಎರಡನೆಯವರನ್ನು ಎಂದೂ ಕೀಳಾಗಿ ಕಾಣುವುದಿಲ್ಲ, ಸುಮ್ಮನೆ "ಮೋರ್ಸ್ ಯಾವಾಗ ಕಲೀತೀರಿ?" ಎಂದು ವಾರಕ್ಕೊಮ್ಮೆ ಕೇಳುತ್ತಾರೆ, ಅಷ್ಟೆ. ವಿಷಯ ಪೆಟ್ಟಿಗೆ. ಸಂಬಂಧ ಎಂಬುದು ಪೆಟ್ಟಿಗೆ ಮನೆಗೆ ಬಂದ ದಿನದಿಂದ ಸ್ವಲ್ಪ ಹಳಸಿದೆ. ಪ್ರಯೋಜನದ ಅಧ್ಯಾಯವನ್ನು ಇನ್ನೂ ಬರೆಯಬೇಕು.

ಗುರುಪರಂಪರೆಯನ್ನು ಸ್ಮರಿಸದೆ ಮುಂದೆ ಹೋಗುವಂತಿಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಆ ಮನೆಯಿಂದ ಹೊರಟು ಇಡೀ ದೇಶಕ್ಕೆ ಹಬ್ಬಿತು. ಮನಶ್ಶಾಸ್ತ್ರಜ್ಞರೇ ಈ ಚಟಕ್ಕೆ ಬಿದ್ದ ಮೇಲೆ ಬೇರೆಯವರಿಗೆ ಚಿಕಿತ್ಸೆ ಕೊಡುವವರಾರು ಎಂಬ ಪ್ರಶ್ನೆಯನ್ನು ಆ ಕಾಲದ ಯಾರೂ ಎತ್ತಿದಂತಿಲ್ಲ.

ಇನ್ನು ಸೂತ್ರಕ್ಕೆ ಬರೋಣ. ಒಂದನೆಯದು: "ಪೆಟ್ಟಿಗೆಯಿಂದ ಸಂಪರ್ಕ."

ಇದು ಪೂರ್ವಪಕ್ಷ. ಹೊಸದಾಗಿ ಲೈಸೆನ್ಸ್ ಪಡೆದ ಎಲ್ಲರೂ ಇದನ್ನು ನಂಬುತ್ತಾರೆ, ಮಾರುವವರಂತೂ ಬಲವಾಗಿ ನಂಬಿಸುತ್ತಾರೆ. ಪೆಟ್ಟಿಗೆಯ ವಿಷಯದಲ್ಲಿ ಮೂರು ಮತಗಳಿವೆ: ಐಕಾಮ್, ಯಾಸು, ಕೆನ್‌ವುಡ್. ಮೂರೂ ಜಪಾನಿನಲ್ಲಿ ಹುಟ್ಟಿದವು. ವಾಗ್ವಾದ ಮಾತ್ರ ಬಸವನಗುಡಿಯ ದರ್ಶಿನಿಗಳ ಮುಂದೆ, ಬೈಟು ಕಾಫಿಯ ಸಾಕ್ಷಿಯಲ್ಲಿ. ಮತಾಂತರಗಳೂ ಉಂಟು. ಒಂದು ಮತದ ರಿಗ್ಗನ್ನು ಬೈದು ಮಾರಿ ಇನ್ನೊಂದು ಮತಕ್ಕೆ ಹೋದವರು, ಮಾರಿದ್ದನ್ನೇ ಹೆಚ್ಚು ಬೆಲೆಗೆ ಮರಳಿ ಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. (ಕೊಂಡವನನ್ನು ಕನ್ನಡಿಯಲ್ಲಿ ದಿನಾ ಕಾಣುತ್ತೇನೆ.) ಈಚೆಗೆ ನಾಲ್ಕನೆಯದೊಂದು ಮೌನಿಗಳ ಪಂಥ ಬೆಳೆದಿದೆ. ಭೌತಶಾಸ್ತ್ರಕ್ಕೆ 1993ರಲ್ಲಿ ನೊಬೆಲ್ ಪಡೆದ ಜೋ ಟೇಲರ್ ಜೊತೆಗಾರರೊಡನೆ ಸೇರಿ ರೂಪಿಸಿದ ಎಫ್‌ಟಿ8 ಎಂಬ ವಿಧಾನದಲ್ಲಿ ಮನುಷ್ಯ ಬಾಯಿ ಬಿಡುವ ಅಗತ್ಯವೇ ಇಲ್ಲ. 15 ಸೆಕೆಂಡಿಗೊಮ್ಮೆ ಕಂಪ್ಯೂಟರು ಕಂಪ್ಯೂಟರಿನೊಡನೆ ಮಾತಾಡಿಕೊಳ್ಳುತ್ತದೆ. ರಿಗ್ಗಿನ ಒಡೆಯ ಆ ಹೊತ್ತಿನಲ್ಲಿ ಅವರೆಕಾಯಿ ಬಿಡಿಸಬಹುದು.

ಪೂರ್ವಪಕ್ಷದ ಖಂಡನೆ ಗಣಿತದಿಂದ. ಮಾಮೂಲಿ ರಿಗ್ 100 ವ್ಯಾಟ್ ಕೊಡುತ್ತದೆ. ಹೊಸದರ ಬೆಲೆ ಸಲೀಸಾಗಿ ಲಕ್ಷ ದಾಟುತ್ತದೆ. ಸಾಲದೆಂದು ಆಂಪ್ಲಿಫೈಯರ್ ತಂದು 400 ವ್ಯಾಟಿಗೆ ಏರಿಸಿದಿರಿ ಎನ್ನಿ. ಶಕ್ತಿ ನಾಲ್ಕು ಪಟ್ಟಾದರೆ 6 ಡೆಸಿಬೆಲ್. ಆಚೆಯವನ ಎಸ್-ಮೀಟರಿನಲ್ಲಿ 6 ಡೆಸಿಬೆಲ್ಲಿಗೆ ಒಂದು ಮನೆ. ಅಂದರೆ ಮನೆಯಲ್ಲಿ ಅಷ್ಟೆಲ್ಲ ಮಾತು ಕೇಳಿ ನೀವು ಸಂಪಾದಿಸಿದ್ದು ಎಲ್ಲೋ ಒಬ್ಬನ ಮೇಜಿನ ಮೇಲೆ ಮುಳ್ಳು ಒಂದು ಗೆರೆ ಸರಿದದ್ದು. ಅವನಾದರೂ ಆ ಮುಳ್ಳನ್ನು ನೋಡುತ್ತಾನೆಯೇ? ಎಲ್ಲರೂ ಎಲ್ಲರಿಗೂ ಕೊಡುವ ಅಂಕ ಒಂದೇ, "ಫೈವ್ ನೈನ್." ಬೀಗರ ಮನೆ ಊಟ ಹೇಗಿತ್ತು ಎಂದರೆ "ಭರ್ಜರಿ" ಎನ್ನುವಂತೆ. "ನೀವು ಫೈವ್ ನೈನ್, ಏನೂ ಕೇಳಿಸಲಿಲ್ಲ, ಹೆಸರು ಇನ್ನೊಮ್ಮೆ ಹೇಳಿ" ಎಂಬ ವಾಕ್ಯದಲ್ಲಿ ವಿರೋಧಾಭಾಸವನ್ನು ಗುರುತಿಸಿದ ಒಬ್ಬ ಹ್ಯಾಮನ್ನೂ ನಾನು ಕಾಣೆ. ಆಲಂಕಾರಿಕರು ಗಮನಿಸಬೇಕು.

ಆದ್ದರಿಂದ ಒಂಬತ್ತನೆಯ ಸೂತ್ರ: "ತಂತಿಯೇ ಪ್ರಧಾನ, ಪೆಟ್ಟಿಗೆ ನಿಮಿತ್ತ."

ಇದರ ಭಾಷ್ಯ ದೀರ್ಘವಾದದ್ದು. 143ನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ಡೈಪೋಲ್ ಆಂಟೆನಾದ ಉದ್ದ ಮೀಟರಿನಲ್ಲಿ ಸಿಗುತ್ತದೆ. ನಮ್ಮವರು ಬೆಳಗಿನ ಹರಟೆಗೆ ಸೇರುವ 7.1 ಮೆಗಾಹರ್ಟ್ಸಿಗೆ 20 ಮೀಟರಿಗಿಂತ ತುಸು ಹೆಚ್ಚು, ಅಂದರೆ 66 ಅಡಿ. ಬೆಂಗಳೂರಿನ ಮಧ್ಯಮವರ್ಗದವನ ಬ್ರಹ್ಮಾಂಡವೆಂದರೆ 30-40ರ ಸೈಟು. ಅದರ ಮೂಲೆಯಿಂದ ಮೂಲೆಗೆ ಕರ್ಣ ಹಿಡಿದು ಅಳೆದರೂ 50 ಅಡಿ, ಒಂದಂಗುಲ ಹೆಚ್ಚಿಲ್ಲ. ಉಳಿದ 16 ಅಡಿಯನ್ನು ಎಡಕ್ಕೆ ಎಂಟು ಬಲಕ್ಕೆ ಎಂಟು ಹಂಚಿದರೆ ಒಂದು ತುದಿ ಪಕ್ಕದ ಮನೆಯವರ ನೀರಿನ ಟ್ಯಾಂಕಿನ ಮೇಲೂ ಇನ್ನೊಂದು ಹಿಂದಿನವರ ತೆಂಗಿನ ಮರದಲ್ಲೂ ನಿಲ್ಲುತ್ತದೆ. ತೆಂಗಿನ ಮರದವರು ಮೃದು ಸ್ವಭಾವದವರು, ಒಪ್ಪಿದರು. ಟ್ಯಾಂಕಿನವರು "ಇದರಿಂದ ನಮ್ಮ ನೀರಿಗೆ ಏನಾದ್ರೂ ಆಗತ್ತಾ?" ಎಂದು ಕೇಳಿ, ನಾನು ವಿದ್ಯುತ್ಕಾಂತೀಯ ತರಂಗಗಳ ಬಗ್ಗೆ ಮುಕ್ಕಾಲು ಗಂಟೆ ವಿವರಿಸಿದ ನಂತರ, ಬೇಡ ಎಂದರು. ವಿವರಿಸದಿದ್ದರೆ ಒಪ್ಪುತ್ತಿದ್ದರು.

ಪರಿಹಾರ ಇನ್ವರ್ಟೆಡ್ ವಿ. ನಡುಮಧ್ಯೆ ಕಂಬ ನಿಲ್ಲಿಸಿ, ತಂತಿಯ ಎರಡು ತೋಳುಗಳನ್ನು ಗೂಡಾರದ ಹಗ್ಗದಂತೆ ಎರಡು ಮೂಲೆಗೆ ಇಳಿಬಿಡುವುದು. ಪೈಥಾಗೊರಸನ ಪ್ರಕಾರ ಕಂಬ ತುದಿಗಳಿಗಿಂತ ಸುಮಾರು 22 ಅಡಿ ಎತ್ತರವಿದ್ದರೆ 66 ಅಡಿ ತಂತಿ 50 ಅಡಿ ಕರ್ಣದೊಳಗೆ ಕೂರುತ್ತದೆ. ತಂತಿ ಯಾವುದಾದರೂ ಆದೀತು. ಮನೆಗೆ ವೈರಿಂಗ್ ಮಾಡಿಸಿ ಉಳಿದ ಪಿವಿಸಿ ಹೊದಿಕೆಯ ತಾಮ್ರದ ತಂತಿಯೇ ಸಾಕು. ಒಂದೇ ಎಚ್ಚರಿಕೆ, ಮೊದಲು ಉದ್ದ ಬಿಟ್ಟು ಆಮೇಲೆ ಇಷ್ಟಿಷ್ಟೇ ಕತ್ತರಿಸಬೇಕು. ನಾನು ಕ್ಷೌರಿಕನ ಮೇಲಿನ ಭರವಸೆಯಲ್ಲಿ ಬದುಕಿದವನು. ತಂತಿಯೂ ಕೂದಲಿನಂತೆ ಮತ್ತೆ ಬೆಳೆದೀತೆಂಬ ಭ್ರಮೆ ಎಲ್ಲೋ ಒಳಗಿತ್ತು.

ಈ ಸೂತ್ರಕ್ಕೆ ಹೈದರಾಬಾದಿನಿಂದ ಬಲವಾದ ಪ್ರಮಾಣ ಸಿಗುತ್ತದೆ. ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ ಎಂಬ ರಿಗ್ಗನ್ನು ಊರಿನ ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳಿಂದ ಯಾರಾದರೂ ಬೆಸೆದುಕೊಳ್ಳಬಹುದಿತ್ತು. ಅದರ ಒಂದು ಕಾಯಿಲನ್ನು ಸುತ್ತುತ್ತಿದ್ದದ್ದು ನಲ್ಲಿಗೆ ಹಾಕುವ ವಾಷರಿನ ಮೇಲೆ. ನಮ್ಮ ಬಚ್ಚಲುಮನೆಯ ನಲ್ಲಿ ಒಂದು ವಾರ ಸೋರಿದ್ದಕ್ಕೂ ಈ ಐತಿಹಾಸಿಕ ವಿನ್ಯಾಸಕ್ಕೂ ಕಾರ್ಯಕಾರಣ ಸಂಬಂಧವಿದೆ.

ಹದಿನೇಳನೆಯ ಸೂತ್ರ: "ಬಳೆ ಮೊದಲು."

ಎರಡಕ್ಷರ ಮೂರಕ್ಷರದ ಎರಡು ಪದ, ಅಷ್ಟೇ. ಆದರೆ ಇಡೀ ಗ್ರಂಥ ಕಳೆದುಹೋಗಿ ಇದೊಂದು ಉಳಿದರೂ ಸಾಕು. ಪ್ರಸಂಗ ಹೀಗಿದೆ. ಎಸ್‌ಪಿ ರೋಡಿಗೆ ಹೋಗಿ ಆರ್‌ಜಿ-58 ಕೇಬಲ್ ಕೇಳಿದೆ. ಅಂಗಡಿಯವರು ಕನ್ನಡಕದ ಮೇಲಿಂದ ನೋಡಿ, "ಟಿವಿಗಾ ಸರ್? ಇದು ತಗೊಳ್ಳಿ, ಅರ್ಧ ರೇಟು" ಎಂದು 75 ಓಮಿನ ಕೇಬಲ್ ಮುಂದಿಟ್ಟರು. ನನ್ನ ರಿಗ್ಗಿಗೆ 50 ಓಮಿನದೇ ಬೇಕೆಂದು ವಾದಿಸಿ ದುಬಾರಿಯದನ್ನೇ ತಂದೆ. ಮನೆಗೆ ಬಂದು ಪುಸ್ತಕ ತೆರೆದರೆ, ಅಡ್ಡಿ ಇಲ್ಲದ ಬಯಲಿನಲ್ಲಿ ಡೈಪೋಲಿನ ನಡುವಿನ ಇಂಪಿಡೆನ್ಸ್ 73 ಓಮ್. ಅಂಗಡಿಯವರ ಮಾತಿನಲ್ಲೂ ಶಾಸ್ತ್ರವಿತ್ತು. ಹ್ಯಾಮ್‌ಗಳು ಮಾತು ಮುಗಿಸುವಾಗ ಹೇಳುವ ಶುಭಾಶಯವೂ 73. ಈ ಎರಡು 73ಗಳ ಗೂಢ ಅಭೇದವನ್ನು ಸಾಧಿಸಿ ಮೂರು ಪುಟ ಬರೆದಿದ್ದೆ. ಶುಭಾಶಯದ 73 ಹತ್ತೊಂಬತ್ತನೆಯ ಶತಮಾನದ ನಡುಭಾಗದ ತಂತಿ ಆಫೀಸಿನವರ ಸಂಕೇತ, ಆಗ ಡೈಪೋಲ್ ಇರಲೇ ಇಲ್ಲ ಎಂದು ತಿಳಿದ ಮೇಲೆ ಆ ಪುಟಗಳನ್ನೂ ಗೆದ್ದಲಿಗೆ ಕೊಟ್ಟೆ.

ಕೇಬಲ್ಲಿನ ತುದಿಗೆ ಪಿಎಲ್-259 ಕನೆಕ್ಟರ್ ಹಾಕಬೇಕು. ಇದರಲ್ಲಿ ಎರಡು ಭಾಗ: ಮೂಗಿನಂತೆ ಪಿನ್ನು ಚಾಚಿದ ದೇಹ, ಅದರ ಮೇಲೆ ತಿರುಗಿಸಿ ಬಿಗಿಯುವ ಬಳೆ. ಬ್ಲೇಡಿನಿಂದ ಕಪ್ಪು ಸಿಪ್ಪೆ ಸುಲಿದೆ. ಒಳಗಿನ ಹೆಣೆದ ತಂತಿಯನ್ನು ಹಲ್ಲುಕಡ್ಡಿಯಿಂದ ಜಡೆ ಬಿಚ್ಚಿದಂತೆ ಬಿಡಿಸಿದೆ. ನಡುವಿನ ತಾಮ್ರವನ್ನು ಪಿನ್ನಿನೊಳಗೆ ತೂರಿಸಿದೆ. 25 ವ್ಯಾಟಿನ ಐರನ್ ಮುಟ್ಟಿಸಿದರೆ ಆ ದಪ್ಪ ದೇಹ ಶಾಖವನ್ನೆಲ್ಲ ಕುಡಿದು ತಣ್ಣಗೆ ಕೂತಿತು. 60 ವ್ಯಾಟಿನದು ಸಾಲ ತಂದೆ. ಸೀಸ ಕರಗಿ ಹರಿಯಿತು, ಒಳಗಿನ ಪ್ಲಾಸ್ಟಿಕ್ಕು ಕರಗದೆ ಉಳಿಯಿತು, ಫ್ಲಕ್ಸಿನ ರಾಳದ ವಾಸನೆ ಕೋಣೆಯನ್ನೆಲ್ಲ ತುಂಬಿತು. ಬೆಸುಗೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ಇಷ್ಟು ಚೆನ್ನಾಗಿ ನಾನು ಜೀವನದಲ್ಲಿ ಬೆಸುಗೆ ಹಾಕಿರಲಿಲ್ಲ. ಬೆರಳಿಗೆ ಊದಿಕೊಳ್ಳುತ್ತ ಕಾಫಿ ಲೋಟಕ್ಕೆ ಕೈ ಚಾಚಿದೆ. ಲೋಟದ ಪಕ್ಕದಲ್ಲಿ ಬಳೆ ಕೂತಿತ್ತು.

ದೇಹ ಬೆಸೆದ ಮೇಲೆ ಆ ಬದಿಯಿಂದ ಬಳೆ ಏರುವುದಿಲ್ಲ. ಕೇಬಲ್ಲಿನ ಇನ್ನೊಂದು ತುದಿಯಿಂದ ತೂರಿಸಿಕೊಂಡು ಬರಬಹುದು ಎಂದು ಸೂಕ್ಷ್ಮಮತಿಗಳು ಹೇಳುತ್ತಾರೆ. ಇನ್ನೊಂದು ತುದಿಗೆ ಹಿಂದಿನ ರಾತ್ರಿಯೇ ಕನೆಕ್ಟರ್ ಹಾಕಿ ಮುಗಿಸಿದ್ದೆ. ಮುಹೂರ್ತ ಮುಗಿದ ಮೇಲೆ ಬಳೆಗಾರನನ್ನು ಹುಡುಕಿದ ಹಾಗೆ.

ಉಳಿದ ಪರಿಕರಗಳನ್ನು ಸಂಗ್ರಹವಾಗಿ ಹೇಳುತ್ತೇನೆ. ಪವರ್ ಸಪ್ಲೈ 13.8 ವೋಲ್ಟಿನದು, 100 ವ್ಯಾಟಿನ ರಿಗ್ಗಿಗೆ 20 ಆಂಪಿಯರಾದರೂ ಬೇಕು. ಪಕ್ಕದಲ್ಲೊಂದು ಕಾರಿನ ಬ್ಯಾಟರಿ ಇದ್ದರೆ ಉತ್ತಮ. ಮನೆಯ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಎದುರುಮನೆಯ ಮಿಕ್ಸಿ ಎಲ್ಲವೂ ರಿಸೀವರಿನೊಳಗೆ ಕುದಿಯುವ ಸದ್ದು ಮಾಡುತ್ತವೆ. ಬಡಾವಣೆಗೆ ಕರೆಂಟು ಹೋದ ಕ್ಷಣ ಬ್ಯಾಂಡು ನೀರವವಾಗುತ್ತದೆ. ಕರೆಂಟು ಹೋದಾಗ ಬ್ಯಾಟರಿಗೆ ತಂತಿ ಸಿಕ್ಕಿಸಿ ನಗುವ ಪ್ರಜೆಯನ್ನು ಕಂಡರೆ ಅವನು ಹ್ಯಾಮ್ ಎಂದು ತಿಳಿಯತಕ್ಕದ್ದು. ಉಪಗ್ರಹಪ್ರಿಯರಿಗೆ ಯಾಗಿ ಆಂಟೆನಾ. 1926ರಲ್ಲಿ ಇದರ ಬಗ್ಗೆ ಬರೆದ ಯಾಗಿ ಮತ್ತು ಉಡಾ ಎಂಬ ಇಬ್ಬರು ಜಪಾನೀಯರಲ್ಲಿ ಹೆಚ್ಚು ದುಡಿದವರು ಉಡಾ, ಹೆಸರು ನಿಂತದ್ದು ಯಾಗಿಯವರದು. ಬಡಗಿಯ ಉಕ್ಕಿನ ಅಳತೆ ಟೇಪನ್ನು ತುಂಡರಿಸಿ ಪಿವಿಸಿ ಪೈಪಿಗೆ ಕಟ್ಟಿದರೂ ಯಾಗಿ ಆಗುತ್ತದೆ. 2005ರ ಮೇ 5ರಂದು ಪಿಎಸ್‌ಎಲ್‌ವಿ ಹೊತ್ತೊಯ್ದ, 42.5 ಕಿಲೋ ತೂಕದ, ಹ್ಯಾಮ್‌ಗಳಿಗೆಂದೇ ಇಸ್ರೋ ಕಟ್ಟಿದ ಹ್ಯಾಮ್‌ಸ್ಯಾಟ್ 2014ರವರೆಗೆ ತಲೆಯ ಮೇಲೆ ಕೆಲಸ ಮಾಡುತ್ತಿದ್ದಾಗ ಇಂಥ ಟೇಪು ಹಿಡಿದು ತಾರಸಿಯ ಮೇಲೆ ಆಕಾಶಕ್ಕೆ ಗುರಿಯಿಟ್ಟು ನಿಲ್ಲುತ್ತಿದ್ದವರನ್ನು ನೆರೆಯವರು ಬೇರೆ ಯಾವುದೋ ಶಾಸ್ತ್ರದವರೆಂದು ಭಾವಿಸಿ ಮನೆಯ ವಾಸ್ತು ಕೇಳಿದ್ದುಂಟು.

ಇಷ್ಟೆಲ್ಲ ಕೂಡಿಸಿ ಮಾತಾಡುವುದೇನು? ರಿಗ್ ಯಾವುದು, ಆಂಟೆನಾ ಯಾವುದು, ಎಷ್ಟು ವ್ಯಾಟು, ಅಲ್ಲಿ ಮಳೆಯೇ, 73. ಲಕ್ಷದ ಯಂತ್ರದಿಂದ ಆ ಯಂತ್ರದ ಬಗ್ಗೆಯೇ ಮಾತಾಡುವುದು. ಇದು ನಮ್ಮ ಬುದ್ಧಿಯ ಕೊರತೆಯೆಂದು ಟೀಕಿಸುವವರು 1978ರ ಭಾರತದ ಹವ್ಯಾಸಿ ರೇಡಿಯೋ ನಿಯಮಗಳನ್ನು ಓದಬೇಕು. ನಮ್ಮ ಸಂಭಾಷಣೆ ತಾಂತ್ರಿಕ ಪ್ರಯೋಗದ ಬಗ್ಗೆ ಇರಬೇಕು, ಇಲ್ಲವೇ ದುಡ್ಡು ಕೊಟ್ಟು ಫೋನಿನಲ್ಲಿ ಹೇಳುವಷ್ಟು ಮಹತ್ವವಿಲ್ಲದ ಸ್ವಂತ ಮಾತಾಗಿರಬೇಕು ಎಂಬುದು ಅದರ ತಾತ್ಪರ್ಯ. ಕ್ಷುಲ್ಲಕವಾಗಿ ಮಾತಾಡಿರೆಂದು ಸರಕಾರವೇ ವಿಧಿಸಿದ ಹವ್ಯಾಸ ಇನ್ನೊಂದಿದ್ದರೆ ತೋರಿಸಿ.

ಅಪವಾದ ಒಂದಿದೆ, ಅಲ್ಲಿ ಭಾಷ್ಯಕಾರ ತಮಾಷೆ ಬಿಡುತ್ತಾನೆ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಮುಂದಾಳತ್ವದ ತಂಡ ಪೋರ್ಟ್ ಬ್ಲೇರಿಗೆ ಹೋದದ್ದು ದೂರದ ದೇಶಗಳೊಡನೆ ಇಂಥ ಫೈವ್ ನೈನ್ ಹಂಚಿಕೊಳ್ಳಲಿಕ್ಕೇ. 26ರ ಬೆಳಿಗ್ಗೆ ಸುನಾಮಿ ಬಂತು, ಫೋನುಗಳು ಸತ್ತವು. ಅವೇ ರಿಗ್ಗುಗಳಿಂದ, ಅವೇ ತಂತಿಗಳಿಂದ, ಬದುಕುಳಿದವರ ಸುದ್ದಿ ಅವರ ಮನೆಗಳಿಗೆ ಹೋಯಿತು.

ಕೊನೆಯ ಸೂತ್ರ, 41: "ಒದ್ದೆ ತಂತಿ ಉದ್ದ ತಂತಿ."

ಇದು ಸ್ವಾನುಭವದಿಂದ ಹೊರಟದ್ದು. ನನ್ನ ಇನ್ವರ್ಟೆಡ್ ವಿಯ ಒಂದು ತುದಿ ತಾರಸಿಯ ಪ್ಯಾರಪೆಟ್ಟಿನ ಹತ್ತಿರ ತಲೆಯೆತ್ತರಕ್ಕೆ ಇಳಿಯುತ್ತದೆ. ಒಂದು ಭಾನುವಾರ ಎಸ್‌ಡಬ್ಲ್ಯುಆರ್ ಮೀಟರು, ಸದಾ 1.3 ತೋರಿಸುತ್ತಿದ್ದದ್ದು, 2.5ಕ್ಕೆ ಏರಿ ಕೂತಿತು. ಕಳಿಸಿದ ಶಕ್ತಿಯಲ್ಲಿ ಎಷ್ಟು ತಿರುಗಿ ಬರುತ್ತಿದೆ ಎಂಬುದರ ಸೂಚಕ ಅದು, 1.5ಕ್ಕೆ ನೂರರಲ್ಲಿ ನಾಲ್ಕು ಪಾಲು, 3ಕ್ಕೆ ಇಪ್ಪತ್ತೈದು. ಬಳೆ ಬಿಚ್ಚಿ ನೋಡಿದೆ, ಕೇಬಲ್ ಅಲುಗಿಸಿದೆ, ಕಂಬ ಹತ್ತಿಳಿದೆ. ಆಮೇಲೆ ಕಂಡದ್ದು: ತಂತಿಯ ಆ ತುದಿಯಲ್ಲಿ ಎರಡು ಒದ್ದೆ ಬೆಡ್‌ಶೀಟು. ಡೈಪೋಲಿನ ತುದಿಯಲ್ಲಿ ವೋಲ್ಟೇಜು ಅತಿ ಹೆಚ್ಚು. ಅಲ್ಲಿ ಒದ್ದೆ ಹತ್ತಿಬಟ್ಟೆ ತಾಗಿದರೆ ತಂತಿ ಉದ್ದವಾದಂತೆಯೇ ಆಗಿ ಶ್ರುತಿ ಕೆಳಗಿಳಿಯುತ್ತದೆ. ನಾನು ಪ್ರಸಾರದಲ್ಲಿದ್ದಾಗ ಮುಟ್ಟಿದರೆ ಕೈ ಸುಡುತ್ತದೆಂದು ಹೆದರಿಸಿ ನೋಡಿದೆ. "ಹಾಗಾದ್ರೆ ಬಟ್ಟೆ ಹಾಕೋ ಹೊತ್ತಿಗೆ ಆಫ್ ಮಾಡಿ" ಎಂಬ ತೀರ್ಪು ಬಂತು. ಆಮೇಲೆ ಐದು ವ್ಯಾಟಿನಲ್ಲಿ ಅರ್ಧ ಗಂಟೆಗೊಮ್ಮೆ ಅಳೆದು ಗ್ರಾಫ್ ಹಾಕಿದೆ. ಬಿಸಿಲೇರಿದಂತೆ 2.5, 2.1, 1.8, 1.5. ಗ್ರಾಫ್ ಹಾಳೆಯನ್ನು ಅಡುಗೆಮನೆಯ ಬಾಗಿಲಿಗೆ ಯಾರು ಅಂಟಿಸಿದರೋ ತಿಳಿಯದು.

ಮೊನ್ನೆ ಕೊಲಂಬೊದ ಒಬ್ಬರೊಡನೆ ಮಾತಿಗೆ ಕೂತಿದ್ದೆ. ನನ್ನ ಆಂಟೆನಾ ಯಾವುದೆಂದು ಅವರು ಕೇಳುತ್ತಿದ್ದರು. ಹೊರಗೆ ಮೋಡ ಕವಿದಿತ್ತು. ಅಡುಗೆಮನೆಯಿಂದ ಕೂಗು ಬಂತು, "ರೀ, ಮಳೆ ಬರೋ ಹಾಗಿದೆ. ಮೀಟರ್ ನೋಡಿ ಹೇಳಿ, ಬಟ್ಟೆ ಒಣಗಿದ್ಯಾ?"

ನೋಡಿದೆ. "ಒಂದು ಪಾಯಿಂಟ್ ಆರು ಕಣೇ. ಸೀರೆ ತೆಗೀಬಹುದು, ಟವೆಲ್ ಇನ್ನೂ ಇಲ್ಲ" ಎಂದೆ. ಮೈಕಿನ ಗುಂಡಿಯ ಮೇಲಿನ ಬೆರಳನ್ನು ತೆಗೆಯಲು ಮರೆತಿದ್ದೆ. ಕೊಲಂಬೊದವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಫೈವ್ ನೈನ್ ಎಂದರು.