ಮೊದಲ ಸ್ಥಾನದ ಹಾಡುಗಳನ್ನು ಕೊನೆಯ ಸಾಲಿಗೆ ತಳ್ಳುವವರಿಗೆ

ಅಮೆರಿಕ ಮತ್ತು ಬ್ರಿಟನ್ನಿನ ಸಂಗೀತ ಪತ್ರಿಕೆಗಳ ಮಾನ್ಯ ಸಂಪಾದಕರೇ,

ಎಲ್ಲ ಕಾಲದ ಅತಿ ಕೆಟ್ಟ ಪಾಪ್ ಹಾಡುಗಳ ಪಟ್ಟಿಯನ್ನು ನೀವು ಆಗಾಗ ಪ್ರಕಟಿಸುತ್ತೀರಿ. ಅದರಲ್ಲಿ ಮತ್ತೆಮತ್ತೆ ಕಾಣಿಸಿಕೊಳ್ಳುವ ಅನೇಕ ಹಾಡುಗಳು ತಮ್ಮ ಕಾಲದಲ್ಲಿ ಚಾರ್ಟಿನ ತುದಿ ಏರಿದ್ದವು. ಕೆಟ್ಟ ಹಾಡುಗಳು ಖಂಡಿತ ಇವೆ, ಅವನ್ನು ಕೆಟ್ಟವೆಂದು ಹೇಳಲೇಬೇಕು. ಆದರೆ ಯಾವ ತಪ್ಪಿಗೆ ಈ ಶಿಕ್ಷೆ ಎಂದು ನೀವು ಹೇಳುವುದೇ ಇಲ್ಲ. ನನ್ನ ತಕರಾರು ಅಲ್ಲಿ.

ನಿಮ್ಮ ಮೊದಲ ಆರೋಪಿಯನ್ನೇ ನೋಡೋಣ. ಸ್ಟಾರ್‌ಶಿಪ್ ತಂಡದ ‘ವಿ ಬಿಲ್ಟ್ ದಿಸ್ ಸಿಟಿ’ 1985ರ ನವೆಂಬರಿನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಚಾರ್ಟಿನ ಮೊದಲ ಸ್ಥಾನದಲ್ಲಿತ್ತು. 2004ರಲ್ಲಿ ‘ಬ್ಲೆಂಡರ್’ ಪತ್ರಿಕೆ ಅದಕ್ಕೆ ಅತಿ ಕೆಟ್ಟ ಹಾಡೆಂಬ ಪಟ್ಟ ಕಟ್ಟಿತು. 2011ರಲ್ಲಿ ‘ರೋಲಿಂಗ್ ಸ್ಟೋನ್’ ಓದುಗರೂ 80ರ ದಶಕದ ಅತಿ ಕೆಟ್ಟ ಹಾಡೆಂದು ಅದನ್ನೇ ಆರಿಸಿದರು. ಎಲ್ಟನ್ ಜಾನ್‌ಗೆ ಹಾಡು ಬರೆದ ಬರ್ನಿ ಟಾಪಿನ್, ಲಾಸ್ ಏಂಜಲೀಸಿನಲ್ಲಿ ಬ್ಯಾಂಡುಗಳು ನುಡಿಸುತ್ತಿದ್ದ ಕ್ಲಬ್ಬುಗಳು ಒಂದೊಂದಾಗಿ ಮುಚ್ಚಿದ್ದನ್ನು ನೋಡಿ ಈ ಹಾಡಿನ ಸಾಲುಗಳನ್ನು ಬರೆದಿದ್ದರು. ಸಂಗೀತವನ್ನು ವ್ಯಾಪಾರ ನುಂಗುತ್ತಿದೆ ಎಂಬ ಆ ದೂರನ್ನು ತಂಡದವರು ಅಂದಿನ ಅತ್ಯಂತ ವ್ಯಾಪಾರಿ ಸಿಂಥಸೈಜರ್ ಹೊಳಪಿನಲ್ಲಿ ಅದ್ದಿ ತೆಗೆದರು. ಇದು ನಿಜವಾದ ದೋಷ, ಒಪ್ಪುತ್ತೇನೆ. ಆದರೆ ರಾಗ ಗಟ್ಟಿ. 2018ರಲ್ಲಿ ಬ್ರಿಟನ್ನಿನ ಯೂಟ್ಯೂಬರ್ ಲ್ಯಾಡ್‌ಬೇಬಿ ಅದೇ ರಾಗಕ್ಕೆ ತಿಂಡಿಯ ಅಣಕು ಸಾಹಿತ್ಯ ಕೂರಿಸಿದಾಗ, ಹಸಿದವರಿಗೆ ಆಹಾರ ಕೊಡುವ ಸಂಸ್ಥೆಯ ನೆರವಿಗಾಗಿ ಬಂದ ಆ ಹಾಡು ಕ್ರಿಸ್‌ಮಸ್ ವಾರದಲ್ಲಿ ಅಲ್ಲಿನ ಮೊದಲ ಸ್ಥಾನಕ್ಕೇರಿತು. ಅದನ್ನು ಕೆಟ್ಟದೆಂದ ‘ಬ್ಲೆಂಡರ್’ ಮಾತ್ರ 2009ರಲ್ಲೇ ಮುದ್ರಣ ನಿಲ್ಲಿಸಿತ್ತು.

ಇನ್ನು ‘ಮಕರೇನಾ’. 1960ರ ದಶಕದಿಂದ ಹಾಡಿಕೊಂಡು ಬಂದಿದ್ದ ಸ್ಪೇನಿನ ಜೋಡಿ ಲೋಸ್ ಡೆಲ್ ರಿಯೋ. ವೆನಿಜುವೆಲಾದಲ್ಲಿ ನೋಡಿದ ನರ್ತಕಿಯೊಬ್ಬಳ ಸ್ಫೂರ್ತಿಯಿಂದ ಅವರು ಕಟ್ಟಿದ ಹಾಡು, ಮಯಾಮಿಯಲ್ಲಿ ರೀಮಿಕ್ಸ್ ಆಗಿ 1996ರಲ್ಲಿ ಅಮೆರಿಕದ ಚಾರ್ಟಿನಲ್ಲಿ 14 ವಾರ ಮೊದಲ ಸ್ಥಾನ ಬಿಟ್ಟು ಕದಲಲಿಲ್ಲ. ಮೂರು ಹೊತ್ತೂ ಹೋಳಿಗೆಯನ್ನೇ ಬಡಿಸಿದರೆ ಹೋಳಿಗೆಯೂ ಬೇಡವಾಗುತ್ತದೆ, ಆ ತಪ್ಪು ಹೋಳಿಗೆಯದ್ದಲ್ಲ. ಬಿಡುವಿಲ್ಲದೆ ಹಾಕಿದ್ದು ರೇಡಿಯೋ, ಬೈಗುಳ ತಿಂದದ್ದು ಹಾಡು.

ಮಿಲ್ಲಿ ವನಿಲ್ಲಿ ಜೋಡಿಯ ಕಥೆ ಬೇರೆ. 1989ರಲ್ಲಿ ಅವರ ಮೂರು ಹಾಡುಗಳು ಅಮೆರಿಕದಲ್ಲಿ ಮೊದಲ ಸ್ಥಾನ ಪಡೆದವು, 1990ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂತು. ವೇದಿಕೆಯ ಮೇಲಿದ್ದ ಇಬ್ಬರದು ಬರೀ ತುಟಿಚಲನೆ, ಕಂಠ ಬೇರೆಯವರದು ಎಂದು ಅದೇ ವರ್ಷ ನಿರ್ಮಾಪಕ ಫ್ರಾಂಕ್ ಫಾರಿಯನ್ ಒಪ್ಪಿಕೊಂಡಾಗ ಪ್ರಶಸ್ತಿಯನ್ನು ಹಿಂದಕ್ಕೆ ಪಡೆದರು. ಅದು ಮೋಸ, ಶಿಕ್ಷೆಯೂ ನ್ಯಾಯವೇ. ಆದರೆ ಹಾಡುಗಳಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ. ಮುನ್ನಾದಿನ ಚೆನ್ನಾಗಿದ್ದ ಹಾಡು ಮರುದಿನ ಕೆಟ್ಟದ್ದಾದದ್ದು ಹೇಗೆ ಎಂಬುದಕ್ಕೆ ನಿಮ್ಮ ಪಟ್ಟಿಗಳು ಉತ್ತರ ಕೊಡುವುದಿಲ್ಲ.

ಮೊದಲ ಸ್ಥಾನವೆಂದರೆ ಜನರ ನೇರ ತೀರ್ಪು ಎಂದು ಭಾವಿಸುವುದೂ ತಪ್ಪು. 1991ರವರೆಗೆ ಹಾಟ್ 100 ಪಟ್ಟಿ ಸಿದ್ಧವಾಗುತ್ತಿದ್ದುದು ಅಂಗಡಿಗಳು, ರೇಡಿಯೋ ಕೇಂದ್ರಗಳು ಕಳಿಸುತ್ತಿದ್ದ ವರದಿಗಳಿಂದ. ಆ ವರ್ಷದ ಕೊನೆಗೆ ಬಾರ್‌ಕೋಡ್ ಓದಿ ಮಾರಾಟ ಎಣಿಸುವ ಪದ್ಧತಿ ಬಂತು. ಹಾಗಾಗಿ ಹಳೆಯ ದಶಕಗಳ ಚಾರ್ಟ್ ಹಿಡಿದು ಕೇಳುಗರ ಅಭಿರುಚಿಯನ್ನು ಜರೆಯುವ ಮೊದಲು ಎರಡು ಸಲ ಯೋಚಿಸಬೇಕು. ‘ಜಾನಿ ಬಿ. ಗುಡ್’ ಹಾಡಿದ ಚಕ್ ಬೆರಿಯನ್ನೇ ತೆಗೆದುಕೊಳ್ಳಿ. ಆ ಹಾಡು ಪಾಪ್ ಚಾರ್ಟಿನ ತುದಿ ಮುಟ್ಟಲಿಲ್ಲ, ಆದರೆ 1977ರಲ್ಲಿ ವಾಯೇಜರ್ ನೌಕೆಯ ಚಿನ್ನದ ತಟ್ಟೆಯಲ್ಲಿ ಬಾಹ್ಯಾಕಾಶಕ್ಕೆ ಹೋಯಿತು. ಹಾಟ್ 100ರಲ್ಲಿ ಅವರಿಗೆ ಮೊದಲ ಸ್ಥಾನ ತಂದದ್ದು ಒಂದೇ ಹಾಡು, 1972ರ ‘ಮೈ ಡಿಂಗ್-ಎ-ಲಿಂಗ್’ ಎಂಬ ಪೋಲಿ ತಮಾಷೆ.

ಹೆಚ್ಚು ನೋವಾಗುವ ಮಾತು ಇನ್ನೊಂದಿದೆ. 1979ರ ಜುಲೈ 12ರಂದು ಶಿಕಾಗೋದ ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಿದರು. ಜನ ಮೈದಾನಕ್ಕೆ ನುಗ್ಗಿದ್ದರಿಂದ ಅಂದಿನ ಎರಡನೇ ಪಂದ್ಯವೇ ನಡೆಯಲಿಲ್ಲ. ಡಿಸ್ಕೊ ಬೆಳೆದದ್ದು ಕಪ್ಪು ಜನರ, ಲ್ಯಾಟಿನೋಗಳ, ಸಲಿಂಗಿಗಳ ಕ್ಲಬ್ಬುಗಳಲ್ಲಿ. ಹಾಡಿನ ಮೇಲಿನ ಸಿಟ್ಟು ಹಾಡುವವರ, ಕುಣಿಯುವವರ ಮೇಲಿನ ಸಿಟ್ಟಾಗಲು ಹೆಚ್ಚು ಹೊತ್ತು ಬೇಕಿಲ್ಲ. ಮಕ್ಕಳು ಮೆಚ್ಚಿದ್ದನ್ನು, ಹೆಣ್ಣುಮಕ್ಕಳು ಕುಣಿದದ್ದನ್ನು ನೀವು ಬೇಗ ಪಟ್ಟಿಗೆ ಸೇರಿಸುವಾಗ ನನಗೆ ಆ ಸಂಜೆ ನೆನಪಾಗಿ ಭಯವಾಗುತ್ತದೆ.

ಹಾಗಾದರೆ ನನ್ನ ತೀರ್ಪಿನಲ್ಲಿ ಅತಿ ಕೆಟ್ಟ ಹಾಡು ಯಾವುದು? 1968ರಲ್ಲಿ ಐದು ವಾರ ಮೊದಲ ಸ್ಥಾನದಲ್ಲಿದ್ದ, ಬಾಬಿ ಗೋಲ್ಡ್ಸ್‌ಬರೋ ಹಾಡಿದ ‘ಹನಿ’. ತೀರಿಹೋದ ಹೆಂಡತಿಯನ್ನು ಗಂಡ ನೆನೆಯುವ ಹಾಡು. ಅವಳು ಸಸಿ ನೆಟ್ಟದ್ದು, ಕಾರು ಗುದ್ದಿದ್ದು, ಸಿನಿಮಾ ನೋಡಿ ಅತ್ತದ್ದು ಎಲ್ಲವೂ ಅವನಿಗೆ ಮುಗ್ಧ ಮಗುವಿನ ಆಟ. ಅವಳಿಗೆ ಒಂದು ಸ್ವಂತ ಯೋಚನೆಯೂ ಇಲ್ಲ. ನಮ್ಮ ಕಣ್ಣೀರು ಪಡೆಯಲೆಂದೇ ಅವಳನ್ನು ಸಾಯಿಸಿದ್ದಾರೆ. ಅತಿಯಾಗಿ ಕೇಳಿ ಬೇಸತ್ತು ನಾನು ಈ ಮಾತು ಹೇಳುತ್ತಿಲ್ಲ. ಒಂದೇ ಸಲ ಕೇಳಿದರೂ ಈ ದೋಷ ಹಾಡಿನೊಳಗೇ ಇದೆ.

ಸಂಪಾದಕರೇ, ಮುಂದಿನ ಪಟ್ಟಿಯಲ್ಲಿ ಪ್ರತಿ ಹಾಡಿನ ಎದುರು ಅದರ ತಪ್ಪನ್ನು ಬರೆಯಿರಿ. ಸಾಹಿತ್ಯ ಸುಳ್ಳೇ, ರಾಗ ಸೊರಗಿದೆಯೇ, ಗಾಯನ ಕೃತಕವೇ, ಅಥವಾ ನಿಮಗೆ ಬರೀ ಸಾಕಾಗಿದೆಯೇ? ಸಾಕಾಗಿದೆ ಎಂಬುದಷ್ಟೇ ಕಾರಣವಾದರೆ ಆ ಹಾಡನ್ನು ಪಟ್ಟಿಯಿಂದ ಬಿಟ್ಟುಬಿಡಿ.

ಇತಿ,
ಹಾಡು ಕೇಳುವ ಒಬ್ಬ ಕನ್ನಡಿಗ